ಉದರನಿಮಿತ್ತ

ಒಂದು ಉತ್ಸವಕ್ಕೆ ಹೋಗತಕ್ಕವನು ಆ ಉತ್ಸವದ ಉದ್ದೇಶವನ್ನು ಮನಸ್ಸಿಗೆ ತಂದುಕೊಳ್ಳದೆ, ಅಲ್ಲಿ ದೊರೆಯುವ ಅನ್ನಪಾನಗಳಿಗಾಗಿಯೇ ಹೋದರೆ ಅದು ದೋಷವೆ? ದೇವರ ದರ್ಶನಕ್ಕೆ ನಿಲ್ಲದೆ ಪ್ರಸಾದದ ಸಾಲಿನಲ್ಲಿ ನಿಲ್ಲುವವನು, ವಧೂವರರ ಮುಖವನ್ನು ನೋಡುವುದಕ್ಕೆ ಮೊದಲೇ ಪಂಕ್ತಿಯಲ್ಲಿ ಎಲೆ ಹಿಡಿಯುವವನು, ಹರಿಕಥೆಯ ಮಂಗಳದ ವೇಳೆಗೆ ಸರಿಯಾಗಿ ಬಂದು ಕೋಸಂಬರಿಗೆ ಕೈಯೊಡ್ಡುವವನು, ಇಂಥವರನ್ನು ಕುರಿತು ನಮ್ಮ ಜನ ಆಡುವ ಮಾತು ವಾಚಕಮಹಾಶಯರಿಗೆ ತಿಳಿದೇ ಇರುವುದು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದ ಕಾಲದಲ್ಲಿ ನಾನೂ ಆ ಮಾತನ್ನು ಧಾರಾಳವಾಗಿ ಆಡಿದವನೇ. ಉದರನಿಮಿತ್ತ ಎಂಬೊಂದು ಪದದಿಂದ ಮನುಷ್ಯನನ್ನು ತೂಗಿ ಕೆಳಗಿಡುವುದು ನಮಗೆ ಬಹಳ ಸುಲಭವಾದ ಅಭ್ಯಾಸ. ಈ ಅಭ್ಯಾಸವನ್ನು ಮತ್ತೆ ತೆಗೆದು ನೋಡಬೇಕೆಂದು ನನಗೆ ತೋರಿದ್ದು ಒಂದು ಜಾತ್ರೆಯಿಂದ; ಅದೂ ನಮ್ಮ ನಾಡಿನ ಜಾತ್ರೆಯಲ್ಲ.

ಅಮೆರಿಕಾ ದೇಶದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ, ಇಲಿನಾಯ್ ಸಂಸ್ಥಾನದ ಗಡಿಗೆ ತಾಗಿಕೊಂಡಂತೆ, ಬೇಸಗೆಯ ಶನಿವಾರ ಭಾನುವಾರಗಳಲ್ಲಿ ಬ್ರಿಸ್ಟಲ್ ರೆನೆಸಾನ್ಸ್ ಫೇರ್ ಎಂಬ ಮೇಳವೊಂದು ನಡೆಯುತ್ತದೆ. ರೆನೆಸಾನ್ಸ್ ಎಂದರೆ ಯೂರೋಪಿನ ವಿದ್ಯಾಪುನರುಜ್ಜೀವನದ ಕಾಲ. ೧೯೭೨ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾದ ಈ ಮೇಳ ೧೯೮೮ರಿಂದ ಈಗಿನ ಹೆಸರನ್ನು ಹೊತ್ತಿದೆ. ಇದರ ಸಂಕಲ್ಪ ಹೀಗೆ: ದ್ವಾರದೊಳಗೆ ಕಾಲಿಟ್ಟ ಕ್ಷಣದಿಂದ ನಾವು ೧೫೭೪ನೆಯ ಇಸವಿಯಲ್ಲಿದ್ದೇವೆ; ಊರು ಇಂಗ್ಲೆಂಡಿನ ಬ್ರಿಸ್ಟಲ್ ಬಂದರು; ಆ ದಿನ ಎಲಿಜಬೆತ್ ರಾಣಿ ಊರಿಗೆ ದಯಮಾಡಿಸಿದ್ದಾಳೆ. ರಾಣಿ ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಬ್ರಿಸ್ಟಲಿಗೆ ಬಂದದ್ದು ಚರಿತ್ರೆಯ ಮಾತೇ. ಆಗ ಊರಿನವರು ಆಕೆಯ ವಿನೋದಕ್ಕಾಗಿ ಕೃತಕವಾದ ಕೋಟೆಗಳನ್ನು ಕಟ್ಟಿ, ಯುದ್ಧದ ಅಭಿನಯವನ್ನು ಮಾಡಿ ತೋರಿಸಿದ್ದರು. ಆದಕಾರಣ ಈಗ ಅನುಕರಣೆಗೆ ಒಳಗಾಗಿರುವ ದಿನವೂ ಅರ್ಧ ನಾಟಕವೇ ಆಗಿದ್ದಿತು.

ಇಂಥ ಮೇಳಗಳ ಮೂಲವನ್ನು ವಿಚಾರಿಸಿದಾಗ ನನಗೆ ವಿಶೇಷವಾಗಿ ಸಂತೋಷವಾಯಿತು. ಇವಕ್ಕೆಲ್ಲ ತಾಯಿಬೇರಾದ ಮೇಳವನ್ನು ೧೯೬೩ರ ಮೇ ತಿಂಗಳಿನಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ನಡೆಸಿದವಳು ಫಿಲಿಸ್ ಪ್ಯಾಟರ್ಸನ್ ಎಂಬಾಕೆ. ಆಕೆ ಶಾಲೆಯ ಉಪಾಧ್ಯಾಯಿನಿ. ಮನೆಯ ಹಿತ್ತಿಲಿನಲ್ಲಿ ಮಕ್ಕಳಿಗೆ ಹಳೆಯ ಕಾಲದ ನಾಟಕಗಳನ್ನು ಕಲಿಸುತ್ತಿದ್ದವಳು, ಶ್ರೋತೃಗಳ ಚಂದಾದಿಂದ ನಡೆಯುವ ಒಂದು ರೇಡಿಯೋ ನಿಲಯಕ್ಕೆ ಧನಸಹಾಯವಾಗಲೆಂದು ಆ ವಿನೋದವನ್ನು ಊರಿನ ಮುಂದೆ ತೆರೆದಿಟ್ಟಳು. ಉಪಾಧ್ಯಾಯರ ವೃತ್ತಿಯಲ್ಲಿದ್ದವರು ಮಾಡಿದ ಕೆಲಸವೊಂದಕ್ಕೆ ಇಷ್ಟು ಜನ ಹಣ ಕೊಟ್ಟು ಬರುವುದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ಮಗಳ ಸಂಸಾರ ಷಿಕಾಗೋ ನಗರದ ಹೊರವಲಯದಲ್ಲಿದೆ. ಎರಡು ವರ್ಷದ ಕೆಳಗೆ ನಾನು ಅಲ್ಲಿಗೆ ಹೋಗಿದ್ದಾಗ, ಆಗಸ್ಟ್ ತಿಂಗಳಿನ ಒಂದು ಶನಿವಾರ ನನ್ನನ್ನು ಈ ಮೇಳಕ್ಕೆ ಕರೆದುಕೊಂಡು ಹೊರಟರು. ದಾರಿಯಲ್ಲಿ ಅಳಿಯ, “ಮಾವ, ನಿಮಗೆ ಇತಿಹಾಸದಲ್ಲಿ ಆಸಕ್ತಿ, ನೀವು ಇತಿಹಾಸ ನೋಡಿ. ನಾನು ಪ್ರತಿವರ್ಷ ಅಲ್ಲಿಗೆ ಹೋಗುವುದು ಮಾತ್ರ ಊಟಕ್ಕೆ,” ಎಂದರು. ಅವರು ಸರಳವಾಗಿ ಆಡಿದ ಮಾತು. ನಾನು ಸರಳವಾಗಿ ಬಿಡಲಿಲ್ಲ. “ಹಣ ಕೊಟ್ಟು ಒಂದು ಶತಮಾನದೊಳಕ್ಕೆ ಪ್ರವೇಶ ಮಾಡಿ, ಅಲ್ಲಿ ಕಾಣುವುದು ಒಂದು ಕೋಳಿಯ ಕಾಲು ಮಾತ್ರವೆ?” ಎಂದೆ. ಅಳಿಯ ನಕ್ಕಂತೆ ಮಾಡಿದರು. ಮಗಳು ಕಿಟಕಿಯಿಂದ ಹೊರಗೆ ನೋಡಿದಳು. ಮುಂದೆ ಸುಮಾರು ಹತ್ತು ಮೈಲಿ ಯಾರೂ ಮಾತನಾಡಲಿಲ್ಲ.

ಮೇಳದಲ್ಲಿ ಕುದುರೆಯ ಮೇಲೆ ಭಲ್ಲೆ ಹಿಡಿದು ಹೋರಾಡುವವರುಂಟು, ಕುಲುಮೆಯವರುಂಟು, ದೊಂಬರಾಟದವರುಂಟು. ಬಂದವರಲ್ಲಿಯೂ ಎಷ್ಟೋ ಜನ ಆ ಕಾಲದ ವೇಷ ಧರಿಸಿರುತ್ತಾರೆ. ಆದರೆ ಜನ ದಟ್ಟವಾಗಿ ನಿಂತಿದ್ದುದು ಅಡಿಗೆಯ ಅಂಗಡಿಗಳ ಮುಂದೆ. ಇವುಗಳಲ್ಲಿ ಅಗ್ರಪೂಜೆ ಟರ್ಕಿ ಕೋಳಿಯ ಕಾಲಿಗೆ. ಹೊಗೆಯಲ್ಲಿ ಹದಮಾಡಿದ, ಮೊಣಕೈಯಷ್ಟು ಉದ್ದದ ಆ ಕಾಲನ್ನು ಗದೆಯಂತೆ ಹಿಡಿದುಕೊಂಡು, ನಡೆಯುತ್ತಲೇ ಕಚ್ಚಿ ತಿನ್ನುತ್ತಾರೆ. ಮಾಂಸದ ವಿಷಯವಾಗಿ ನಾನು ಬೆಳೆದ ಆಚಾರ ಬೇರೆ, ಅವರದು ಬೇರೆ. ಅದನ್ನು ಇಲ್ಲಿ ಚರ್ಚಿಸಿ ಫಲವಿಲ್ಲ. ಆ ಪಕ್ಷಿಯ ಹೆಸರು ಮಾತ್ರ ಶಬ್ದಶಾಸ್ತ್ರವನ್ನು ಓದಿದವನನ್ನು ಸುಮ್ಮನೆ ಬಿಡುವಂಥದಲ್ಲ. ಅದು ಹುಟ್ಟಿದ್ದು ಅಮೆರಿಕಾ ಖಂಡದಲ್ಲಿ. ಇಂಗ್ಲಿಷರು ಅದಕ್ಕೆ ತುರ್ಕಿಯ ಹೆಸರನ್ನಿಟ್ಟರು. ತುರ್ಕಿಯವರು ಅದನ್ನು ‘ಹಿಂದಿ’ ಎಂದರು. ಫ್ರೆಂಚರೂ ಇಂಡಿಯಾದ್ದು ಎಂಬ ಅರ್ಥದಲ್ಲಿ ‘ದಿಂದ್’ ಎಂದರು. ಹೀಗೆ ಎಲ್ಲರೂ ನಮ್ಮ ಕಡೆಗೆ ಬೆರಳು ತೋರಿಸುತ್ತಿರಲು, ಆ ಪಕ್ಷಿ ನಮ್ಮ ದೇಶದಲ್ಲಿ ಎಷ್ಟು ಅಪರೂಪವಾಗಿತ್ತೆಂದರೆ, ೧೬೧೨ರಲ್ಲಿ ಗೋವೆಯಿಂದ ತನ್ನ ಆಸ್ಥಾನಕ್ಕೆ ಬಂದ ಒಂದನ್ನು ನೋಡಿ ಜಹಾಂಗೀರ್ ಬಾದಶಹನು ಬೆರಗಾಗಿ, ಮನ್ಸೂರನೆಂಬ ಚಿತ್ರಕಾರನಿಂದ ಅದರ ಚಿತ್ರ ಬರೆಯಿಸಿದನು.

೧೫೭೪ರ ವೇಳೆಗೆ ಆ ಪಕ್ಷಿ ಇಂಗ್ಲೆಂಡಿಗೆ ಬಂದು ಸೇರಿತ್ತು. ಅಷ್ಟರಮಟ್ಟಿಗೆ ಮೇಳದವರು ಸುಳ್ಳಾಡಿಲ್ಲ. ಆದರೆ ಶನಿವಾರ ಅದನ್ನು ತಿನ್ನುವಂತಿರಲಿಲ್ಲ. ಆ ರಾಜ್ಯದಲ್ಲಿ ಶುಕ್ರವಾರ ಶನಿವಾರಗಳಲ್ಲಿ ಮಾಂಸವನ್ನು ಬಿಟ್ಟು ಮೀನು ತಿನ್ನತಕ್ಕದ್ದೆಂದು ಶಾಸನವಿದ್ದಿತು. ೧೫೬೩ರಲ್ಲಿ ಬುಧವಾರವನ್ನೂ ಅದಕ್ಕೆ ಸೇರಿಸಿದರು. ಇದು ಧರ್ಮಬುದ್ಧಿಯಿಂದ ಸೇರಿಸಿದ್ದಲ್ಲ. ಬೆಸ್ತರ ಕಸಬು ಉಳಿದು, ನೌಕಾಬಲಕ್ಕೆ ನಾವಿಕರು ದೊರೆಯಲಿ ಎಂಬ ರಾಜನೀತಿಯಿಂದ. ಮೀರಿ ನಡೆದವರಿಗೆ ದಂಡವೋ ಸೆರೆಯೋ ಕಾದಿತ್ತು. ಹೀಗಾಗಿ ಆ ಶನಿವಾರ ನನ್ನ ಕಣ್ಣೆದುರಿಗೆ ಕೋಳಿಯ ಕಾಲನ್ನು ಹಿಡಿದಿದ್ದವರೆಲ್ಲರೂ, ನಿಜವಾಗಿ ರಾಣಿ ಬಂದಿದ್ದ ಪಕ್ಷದಲ್ಲಿ, ಅಪರಾಧಿಗಳಾಗುತ್ತಿದ್ದರು. ಆಲೂಗಡ್ಡೆಯ ಹುರಿದ ತುಂಡುಗಳನ್ನು ಮಾರುತ್ತಿದ್ದರು. ಆಲೂಗಡ್ಡೆ ಅಂದು ಇಂಗ್ಲೆಂಡನ್ನು ಮುಟ್ಟಿಯೇ ಇರಲಿಲ್ಲ. ನನ್ನ ಪಾಲಿಗೆ ದೊರೆತದ್ದು ಕೆಂಡದಲ್ಲಿ ಸುಟ್ಟ ಮುಸುಕಿನ ಜೋಳದ ತೆನೆ. ಅದೂ ಅಮೆರಿಕಾ ಖಂಡದ ಧಾನ್ಯ. ಆ ಕಾಲದ ಇಂಗ್ಲಿಷರ ಊಟದಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ತೆನೆ ಮಾತ್ರ ಬಹಳ ರುಚಿಯಾಗಿತ್ತು.

ಪಾನೀಯದ ಅಂಗಡಿಯಲ್ಲಿ ಯವಧಾನ್ಯದಿಂದಾದ ಏಲ್ ಎಂಬ ಮದ್ಯದ ಜೊತೆಗೆ, ಜೇನುತುಪ್ಪವನ್ನು ಹುಳಿಯಿಸಿ ಮಾಡಿದ ಮೀಡ್ ಎಂಬುದನ್ನೂ ಕೊಡುತ್ತಿದ್ದರು. ಅಳಿಯ ನನ್ನ ಮುಖ ನೋಡಿ, ನಿಂಬೆಯ ಪಾನಕದ ಕಡೆಗೆ ತಿರುಗಿದರು. ದಾರಿಯಲ್ಲಿ ಆಡಿದ ಮಾತು ನನ್ನ ನೆನಪಿನಲ್ಲಿದ್ದುದರಿಂದ, ಸಮಾಧಾನಕ್ಕೆಂದು ನಾನೇ ಪ್ರಸ್ತಾಪ ತೆಗೆದೆ: ಆ ಮೀಡ್ ಎಂಬ ಶಬ್ದವೂ ನಮ್ಮ ವೇದದ ‘ಮಧು’ ಶಬ್ದವೂ ಒಂದೇ ಬೇರಿನವು, ಗ್ರೀಕರ ‘ಮೆಥು’ ಎಂಬ ಮದ್ಯವಾಚಕವೂ ಅದೇ ಬಳಗದ್ದು, ಮನೆಗೆ ಬಂದ ಅತಿಥಿಗೆ ಕೊಡುತ್ತಿದ್ದ ಮಧುಪರ್ಕದಲ್ಲಿರುವುದೂ ಅದೇ ಮಧು. “ಹಾಗಾದರೆ ಇದು ವೈದಿಕವೇ ಆಯಿತಲ್ಲ, ಮಾವ,” ಎಂದರು. “ಶಬ್ದ ವೈದಿಕ, ಲೋಟದೊಳಗಿನದಕ್ಕೆ ನಾನು ಸಾಕ್ಷಿಯಲ್ಲ,” ಎಂದೆ. ಮಗಳು ನಕ್ಕಳು. ಅಳಿಯ ಒಂದು ಲೋಟ ತಂದುಕೊಂಡರು.

ಮರದ ನೆರಳಿನ ಹಲಗೆಯ ಮೇಲೆ ಕುಳಿತಾಗ ಅವರು ತಾವಾಗಿಯೇ ಹೇಳಿದರು. ಆ ದೇಶಕ್ಕೆ ವಿದ್ಯಾರ್ಥಿಯಾಗಿ ಹೋದ ಮೊದಲ ವರ್ಷ ಕೈಯಲ್ಲಿ ಹಣವಿಲ್ಲ. ವಿದ್ಯಾರ್ಥಿಗಳ ಭೋಜನಶಾಲೆಯಲ್ಲಿ ಒಂದು ದಿನ ಅವರು ಬುತ್ತಿಯ ಅನ್ನವನ್ನು ಕೈಯಿಂದ ಕಲಸಿ ತಿನ್ನುತ್ತಿದ್ದಾಗ, ಪಕ್ಕದ ಮೇಜಿನವರು ನೋಡಿ ತಮ್ಮತಮ್ಮೊಳಗೆ ಏನೋ ಅಂದುಕೊಂಡರಂತೆ. ಅಂದಿನಿಂದ ಅವರು ಯಾರ ಎದುರಿಗೂ ಕೈಯಿಂದ ಊಟ ಮಾಡಲಿಲ್ಲ. ಆ ಬೇಸಗೆಯಲ್ಲಿ ಸಹಪಾಠಿಗಳು ಈ ಮೇಳಕ್ಕೆ ಎಳೆದುಕೊಂಡು ಬಂದರು. ನಾಲ್ವರೂ ಕೂಡಿ ಒಂದು ಕಾಲನ್ನು ಕೊಂಡು, ಹಂಚಿಕೊಂಡು ತಿಂದರು. ಸುತ್ತಲೂ ಸಾವಿರಾರು ಜನ, ಎಲ್ಲರೂ ಕೈಯಿಂದಲೇ ತಿನ್ನುತ್ತಿದ್ದರು. “ನನ್ನ ಕಡೆ ಯಾರೂ ನೋಡಲಿಲ್ಲ, ಮಾವ. ಅದಕ್ಕೇ ಪ್ರತಿವರ್ಷ ಬರುತ್ತೇನೆ,” ಎಂದರು.

ಇದನ್ನು ಕೇಳಿದ ಮೇಲೆ ನಾನು ಸ್ವಲ್ಪ ಹೊತ್ತು ತೆನೆಯನ್ನೇ ನೋಡುತ್ತ ಕುಳಿತೆ. ೧೫೭೪ರಲ್ಲಿ ಇಂಗ್ಲೆಂಡಿನ ಎಲ್ಲರೂ ಚೂರಿ, ಚಮಚ, ಬೆರಳು ಇವುಗಳಿಂದಲೇ ಊಟ ಮಾಡುತ್ತಿದ್ದರು; ರಾಣಿಯೂ ಸಾಮಾನ್ಯವಾಗಿ ಹಾಗೆಯೇ. ಮುಳ್ಳುಚಮಚ ಇಟಲಿಯವರ ಶೋಕಿ. ಅದನ್ನು ಕಂಡು ಬಂದು ೧೬೧೧ರಲ್ಲಿ ತನ್ನ ಪ್ರವಾಸದ ಪುಸ್ತಕದಲ್ಲಿ ಹೊಗಳಿ ಬರೆದ ಥಾಮಸ್ ಕೋರಿಯಟ್ ಎಂಬಾತನನ್ನು ಅವನ ಸ್ನೇಹಿತರೇ ಹಾಸ್ಯ ಮಾಡಿದರು. ಈ ಕೋರಿಯಟ್ ಮುಂದೆ ಬಹುಮಟ್ಟಿಗೆ ಕಾಲ್ನಡೆಯಿಂದಲೇ ಅಜ್ಮೀರಿನವರೆಗೆ ಬಂದು ೧೬೧೭ರಲ್ಲಿ ಸೂರತ್ತಿನಲ್ಲಿ ತೀರಿಕೊಂಡ. ಕೈಯಿಂದ ಉಣ್ಣುವವರ ದೇಶದಲ್ಲಿ ಅವನು ಯಾವ ರೀತಿ ಉಂಡನೋ! ಅದಿರಲಿ. ಇತಿಹಾಸವನ್ನು ನೋಡಲು ಬಂದಿದ್ದ ನನಗೆ ಪುಸ್ತಕದಿಂದ ತಿಳಿದಿದ್ದ ಈ ಸಂಗತಿಯನ್ನು, ಊಟಕ್ಕೆಂದು ಬಂದಿದ್ದ ಅಳಿಯ ಹದಿನೈದು ವರ್ಷಗಳಿಂದ ಕೈಯಲ್ಲಿಯೇ ಹಿಡಿದುಕೊಂಡಿದ್ದರು.

ಭೂತಕಾಲವನ್ನು ಕಾಣಲು ನಾಲಗೆ ಯೋಗ್ಯವಾದ ಇಂದ್ರಿಯವೇ ಎಂಬ ಶಂಕೆ ಯಾರಿಗಾದರೂ ಬರಬಹುದು. ನಮ್ಮ ಮನೆಗಳಲ್ಲಿ ಪಿತೃಗಳನ್ನು ಕರೆಯುವುದು ಯಾವುದರಿಂದ? ಊಟದಿಂದ. ಶ್ರಾದ್ಧದ ದಿನ ಅವರ ಚರಿತ್ರೆಯನ್ನು ಓದುವುದಿಲ್ಲ, ಗುಣಕಥನದ ಭಾಷಣ ಮಾಡುವುದಿಲ್ಲ. ಹೆಸರು ಗೋತ್ರಗಳನ್ನು ಹೇಳಿ, ಎಲೆ ಹಾಕಿ ಬಡಿಸುತ್ತೇವೆ. ಆ ದಿನದ ಅಡಿಗೆಯ ಮನೆಯನ್ನು ಗಮನಿಸಿದವರಿಗೆ ಇನ್ನೊಂದು ವಿಚಿತ್ರವೂ ಕಂಡಿರಬೇಕು. ಮೆಣಸಿನಕಾಯಿ ಅಂದು ಒಲೆಯ ಬಳಿಗೆ ಬರಕೂಡದು, ಖಾರಕ್ಕೆ ಕಾಳುಮೆಣಸೇ. ಆಲೂಗಡ್ಡೆ ಇಲ್ಲ, ಟೊಮೇಟೊ ಇಲ್ಲ, ಎಲೆಕೋಸಿಲ್ಲ. ಬಾಳೆಕಾಯಿ, ಹಾಗಲಕಾಯಿ, ಉದ್ದಿನ ವಡೆ, ಎಳ್ಳು ಇವುಗಳಿಗೇ ಮರ್ಯಾದೆ. ಇದು ಶುದ್ಧಾಶುದ್ಧದ ವಿಧಿಯೆಂದು ಪಾಠಶಾಲೆಯ ದಿನಗಳಲ್ಲಿ ನಾನು ನಂಬಿದ್ದೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊಗಳು ಟರ್ಕಿ ಕೋಳಿಯಂತೆಯೇ ಅಮೆರಿಕಾ ಖಂಡದಿಂದ ಹೊರಟವು, ಪೋರ್ಚುಗೀಸರೇ ಮೊದಲಾದ ಹಡಗಿನವರ ಜೊತೆಯಲ್ಲಿ ನಮ್ಮಲ್ಲಿಗೆ ಬಂದವು ಎಂಬುದನ್ನು ತಿಳಿದ ಮೇಲೆ, ನನಗೆ ಬೇರೆ ಅರ್ಥ ಹೊಳೆಯುತ್ತದೆ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಬರೆದಾಗ ಅವನಿಗೆ ಗೊತ್ತಿಲ್ಲದಿದ್ದ ತರಕಾರಿಗಳೇ ಇಂದಿಗೂ ಶ್ರಾದ್ಧದ ಎಲೆಗೆ ಬರದೆ ಹೊರಗೆ ನಿಂತಿವೆ. ಪಿತೃಗಳು ಯಾವುದನ್ನು ಉಣ್ಣುತ್ತಿದ್ದರೋ ಅದನ್ನೇ ಬಡಿಸಬೇಕೆಂಬ ನೆನಪು ವಿಧಿಯಾಗಿ ಗಟ್ಟಿಗೊಂಡಿದೆ. ವಿಸ್ಕಾನ್ಸಿನ್ನಿನ ಮೇಳಕ್ಕಿಂತ ನಮ್ಮ ಅಜ್ಜಿಯಂದಿರ ಒಲೆ ಕಾಲವನ್ನು ಹೆಚ್ಚು ನಿಷ್ಠೆಯಿಂದ ಕಾಪಾಡಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಶ್ರಾದ್ಧಕ್ಕೆ ಬ್ರಾಹ್ಮಣಾರ್ಥಕ್ಕೆ ಬರುವವರಲ್ಲಿ ಊಟದಕ್ಷಿಣೆಗಳಿಗಾಗಿಯೇ ಬರುವವರೆಷ್ಟು ಮಂದಿ ಎಂದು ಲೆಕ್ಕ ಹಾಕಲು ನಾನು ಹೋಗುವುದಿಲ್ಲ. ಅವರ ಬಾಯಿಂದಲೇ ಪಿತೃಗಳು ಉಣ್ಣುತ್ತಾರೆಂದು ನಂಬಿದ್ದೇವಷ್ಟೆ. ತೈತ್ತಿರೀಯೋಪನಿಷತ್ತಿನಲ್ಲಿ ಭೃಗು ಬ್ರಹ್ಮವನ್ನು ತಿಳಿಯಲು ತಪಸ್ಸು ಮಾಡಿ ಮೊದಲು ಕಂಡುಕೊಂಡದ್ದು ಅನ್ನವನ್ನು. ಅವನು ಅಲ್ಲಿಗೇ ನಿಲ್ಲಲಿಲ್ಲ, ನಿಜ. ಆದರೆ ಮೇಲಕ್ಕೆ ಹೋದ ಮೇಲೆಯೂ ಅನ್ನವನ್ನು ನಿಂದಿಸಬಾರದೆಂಬುದನ್ನೇ ಆ ಉಪನಿಷತ್ತು ವ್ರತವಾಗಿ ವಿಧಿಸಿತು.

ಹೀಗೆಂದ ಮಾತ್ರಕ್ಕೆ ಜಿಹ್ವಾಚಾಪಲ್ಯವೆಲ್ಲ ತಪಸ್ಸಾಯಿತೆಂದು ನಾನು ವಾದಿಸುವುದಿಲ್ಲ. ಹೊಟ್ಟೆ ತುಂಬಿದವನು ರುಚಿಗಾಗಿ ಹೋಗುವುದು ಬೇರೆ, ಹಸಿದವನು ಅನ್ನಕ್ಕಾಗಿ ಹೋಗುವುದು ಬೇರೆ. ಆ ಮೇಳದಲ್ಲಿ ನನಗೆ ನಿಜವಾಗಿ ಕೊರತೆಯಾಗಿ ತೋರಿದ್ದು ಇದು: ಅಲ್ಲಿ ೧೫೭೪ರ ಭೋಜನವಿದೆ, ೧೫೭೪ರ ಹಸಿವಿಲ್ಲ. ೧೫೭೭ರಲ್ಲಿ ಮೊದಲು ಅಚ್ಚಾದ ಇಂಗ್ಲೆಂಡಿನ ವರ್ಣನೆಯಲ್ಲಿ ವಿಲಿಯಮ್ ಹ್ಯಾರಿಸನ್ ಎಂಬ ಪಾದ್ರಿ ಬಡವರ ರೊಟ್ಟಿಯ ವಿಚಾರವನ್ನು ಬರೆದಿದ್ದಾನೆ. ಗೋಧಿ ಅವರಿಗಲ್ಲ, ರೈ, ಬಾರ್ಲಿಗಳ ರೊಟ್ಟಿ ಸಿಕ್ಕಿದರೆ ಪುಣ್ಯ, ಕ್ಷಾಮ ಬಂದರೆ ಅವರೆ, ಬಟಾಣಿ, ಓಟ್ಸ್, ಕಡೆಗೆ ಓಕ್ ಮರದ ಬೀಜ. ಮಾಂಸ ಬಡವನ ಮನೆಗೆ ಅಪರೂಪದ ಅತಿಥಿ. ೧೫೭೨ರ ಇನ್ನೊಂದು ಶಾಸನದಂತೆ, ಒಡೆಯನಿಲ್ಲದೆ ಅಲೆಯುವ ಭಿಕ್ಷುಕನಿಗೆ ಚಾವಟಿಯ ಏಟು. ಅದರ ಮೇಲೆ ಕಾದ ಕಬ್ಬಿಣದಿಂದ ಬಲಗಿವಿಯನ್ನು ಚುಚ್ಚಿ ಸುಡುತ್ತಿದ್ದರು. ಶ್ರೀಮಂತನೊಬ್ಬನ ಆಶ್ರಯವಾಗಲಿ ಅಧಿಕಾರಿಗಳ ಅಪ್ಪಣೆಯಾಗಲಿ ಇಲ್ಲದ ನಟರೂ ದೊಂಬರೂ ಅದೇ ಪಟ್ಟಿಯಲ್ಲಿದ್ದರು. ಮೇಳದ ದ್ವಾರದಲ್ಲಿ ಹರಿದ ಬಟ್ಟೆ ತೊಟ್ಟು ಭಿಕ್ಷುಕನ ವೇಷದಲ್ಲಿ ಒಬ್ಬ ತರುಣ ಜನರನ್ನು ನಗಿಸುತ್ತಿದ್ದ. ಅವನ ಕಿವಿ ನೆಟ್ಟಗಿತ್ತು.

ಈ ಹಸಿವಿನ ಮಾತಿಗೆ ಬಂದಾಗ ನಾನು ಇನ್ನೊಂದು ಸಂಗತಿಯನ್ನು ಬರೆಯದೆ ಬಿಡುವಂತಿಲ್ಲ. ಬಿಟ್ಟರೆ ಇಷ್ಟು ಹೊತ್ತು ಬರೆದದ್ದು ಬರಿಯ ಪಾಂಡಿತ್ಯವಾದೀತು.

೧೯೮೭ರ ಬರದ ವರ್ಷ. ನಾನು ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ನವರಾತ್ರಿಯಲ್ಲಿ ಶಾರದಾಪೂಜೆ ಮಾಡಿ ಮಕ್ಕಳಿಗೆ ಹುಗ್ಗಿ, ಚಿತ್ರಾನ್ನ, ಕೋಸಂಬರಿ ಬಡಿಸುವುದು ಅಲ್ಲಿಯ ಪದ್ಧತಿ. ಎಲೆಯನ್ನು ಅವರವರೇ ತರಬೇಕು. ಕೂಲಿಯವರ ಮನೆಯ ಹುಡುಗನೊಬ್ಬ, ಹನ್ನೊಂದು ಹನ್ನೆರಡು ವರ್ಷದವನು, ಹಾಜರಿ ಪುಸ್ತಕದಲ್ಲಿ ಹೆಸರಿದ್ದರೂ ಮೂರು ತಿಂಗಳಿನಿಂದ ತರಗತಿಗೆ ಬಂದಿರಲಿಲ್ಲ. ಪೂಜೆಯ ದಿನ ಮಾತ್ರ ಸ್ನಾನ ಮಾಡಿ, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಕಂಕುಳಲ್ಲಿ ಮುತ್ತುಗದ ಎಲೆ ಇಟ್ಟುಕೊಂಡು ಪಂಕ್ತಿಯ ಕೊನೆಯಲ್ಲಿ ನಿಂತಿದ್ದ. ನಾನು ಎಲ್ಲರೆದುರಿಗೆ ಕೇಳಿದೆ: “ಏನಯ್ಯಾ, ಶಾರದೆ ಇಷ್ಟು ದಿನ ನಿನಗೆ ಬೇಡವಾಗಿದ್ದಳು, ಇವತ್ತು ಹುಗ್ಗಿ ಮಾಡಿದ್ದಾಳೆಂದು ಬಂದೆಯೋ?” ಮಕ್ಕಳು ನಕ್ಕರು. ಅವರನ್ನು ನಗಿಸುವುದು ನನಗೆ ಚೆನ್ನಾಗಿ ಬರುತ್ತಿತ್ತು. ಹುಡುಗ ಉತ್ತರ ಹೇಳಲಿಲ್ಲ. ನಾನು ಹೋಗೆನ್ನಲೂ ಇಲ್ಲ, ಕೂತುಕೋ ಎನ್ನಲೂ ಇಲ್ಲ. ನೈವೇದ್ಯಕ್ಕೆ ಒಳಗೆ ಹೋದೆ. ಹಿಂದಿರುಗಿ ಬರುವಷ್ಟರಲ್ಲಿ ಅವನಿರಲಿಲ್ಲ. ಎಲೆಯನ್ನು ಮೆಟ್ಟಿಲ ಮೇಲೆ ಇಟ್ಟುಹೋಗಿದ್ದ. ಎಲೆ ಸಾಲದೆ ಬಂದ ಇನ್ನೊಬ್ಬ ಹುಡುಗನಿಗೆ ಅದರಲ್ಲಿಯೇ ಬಡಿಸಿದೆವು. ಅವನು ಮತ್ತೆ ಶಾಲೆಗೆ ಬರಲಿಲ್ಲ. ಆ ಮಳೆಯಿಲ್ಲದ ವರ್ಷದಲ್ಲಿ ಅವರ ಮನೆಯಲ್ಲಿ ಒಲೆ ಹೇಗೆ ಹೊತ್ತುತ್ತಿತ್ತೆಂಬುದನ್ನು ನಾನು ವಿಚಾರಿಸಿದ್ದು ಆಮೇಲೆ. ಅಷ್ಟರಲ್ಲಿ ಆ ಸಂಸಾರ ಕೆಲಸ ಹುಡುಕಿಕೊಂಡು ಊರು ಬಿಟ್ಟಿತ್ತು.

೨೦೦೧ರ ನವೆಂಬರಿನಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯದ ಆದೇಶವಾಯಿತು. ೨೦೦೨ರ ಜೂನ್ ತಿಂಗಳಿನಲ್ಲಿ ನಮ್ಮ ರಾಜ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರದಾಸೋಹ ಮೊದಲಾಗಿ, ಮರುವರ್ಷ ಉಳಿದ ಕಡೆಗೂ ಬಂದಿತು. ವಿದ್ಯಾಮಂದಿರ ಛತ್ರವಾಯಿತೆಂದು ಆಗ ಗೊಣಗಿದ ಉಪಾಧ್ಯಾಯರು ಹಲವರು. ನಾನು ಗೊಣಗಲಿಲ್ಲ, ಆದರೆ ಅವರಿಗೆ ಎದುರು ಹೇಳಲೂ ಇಲ್ಲ. ನನ್ನ ಶಾಲೆಯಲ್ಲಿ ಮಧ್ಯಾಹ್ನದ ಗಂಟೆಯ ವೇಳೆಗೆ ಮಾತ್ರ ಬರುತ್ತಿದ್ದ ಮಕ್ಕಳು ಕೆಲವರಿದ್ದರು. ಅವರ ಹೆಸರನ್ನು ನಾನು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಊಟವಾದ ಮೇಲೆ ನೆರಳಿನಲ್ಲಿ ಕೂರಿಸಿ ಕಥೆ ಹೇಳಿದರೆ ಮೂರು ಗಂಟೆಯವರೆಗೆ ಇರುತ್ತಿದ್ದರು. ಅವರಲ್ಲಿ ಒಬ್ಬಳು ಈಗ ನಮ್ಮ ತಾಲ್ಲೂಕಿನಲ್ಲಿಯೇ ಉಪಾಧ್ಯಾಯಿನಿ.

ಇದನ್ನೆಲ್ಲ ನಾನು ಆ ಹಲಗೆಯ ಮೇಲೆ ಕುಳಿತು ಅಳಿಯನಿಗೆ ಹೇಳಲಿಲ್ಲ. ಸಂಜೆ ಹಿಂದಿರುಗುವಾಗ, ಬೆಳಿಗ್ಗೆ ನಾನಾಡಿದ ಮಾತು ತಪ್ಪೆಂದು ಮಾತ್ರ ಹೇಳಿದೆ. “ಯಾವ ಮಾತು, ಮಾವ?” ಎಂದರು. ಮರೆತಿದ್ದರೋ, ಮರೆತಂತೆ ಮಾಡಿದರೋ ತಿಳಿಯದು. ಈ ವರ್ಷ ಮತ್ತೆ ಬರಬೇಕೆಂದು ಮಗಳು ಫೋನಿನಲ್ಲಿ ಕರೆದಿದ್ದಾಳೆ. ಆಗಸ್ಟ್ ತಿಂಗಳಿನಲ್ಲಿ ಮೇಳಕ್ಕೆ ಹೋಗೋಣವೇ ಎಂದೂ ಕೇಳಿದಳು. ಹೋಗೋಣ, ಆದರೆ ಆ ದಿನ ಮನೆಯಲ್ಲಿ ತಿಂಡಿ ಮಾಡುವುದು ಬೇಡ, ನಾನು ಹಸಿದುಕೊಂಡೇ ಬರುತ್ತೇನೆ, ಜೋಳದ ಅಂಗಡಿ ಬಾಗಿಲಿನಿಂದ ಎಡಕ್ಕೋ ಬಲಕ್ಕೋ ಮರೆತಿದೆ, ಅಳಿಯನನ್ನು ಕೇಳಿ ಇಟ್ಟಿರು ಎಂದು ಹೇಳಿದ್ದೇನೆ.